ರೋಜರ್ಸ್ ಪಾಸ್: ಬಿರುಗಾಳಿಗೆ ಸಿಕ್ಕ ಒಂದು ಸ್ಕೀ ಪ್ರವಾಸ

ಬುಧವಾರ

ಗೋಲ್ಡನ್ ಎಂಬ ಊರು ದಾಟಿ ಟ್ರಾನ್ಸ್-ಕೆನಡಾ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹತ್ತುತ್ತಾ ಹೋದರೆ, ಬೆಟ್ಟಗಳ ನಡುವಿನ ಕಣಿವೆದಾರಿಯಾದ ರೋಜರ್ಸ್ ಪಾಸ್ ಹತ್ತಿರ ಬಂದಂತೆ ರಸ್ತೆಯ ಮೇಲೆ ಕಾಂಕ್ರೀಟಿನ ಚಪ್ಪರಗಳು ಶುರುವಾಗುತ್ತವೆ. ದೂರದಿಂದ ಸುರಂಗ ಅನ್ನಿಸುತ್ತದೆ. ಆದರೆ ಬೆಟ್ಟ ಕೊರೆದು ಮಾಡಿದ್ದಲ್ಲ. ಮೇಲಿನಿಂದ ಜಾರಿ ಬರುವ ಹಿಮ ರಸ್ತೆಗೆ ಬೀಳದೆ ಚಪ್ಪರದ ಮೇಲೆ ಹಾದು ಕಣಿವೆಗೆ ಹೋಗಲಿ ಅಂತ ಕಟ್ಟಿದ್ದು. ಅಲ್ಲಲ್ಲಿ 'ಹಿಮಕುಸಿತದ ಜಾಗ, ಗಾಡಿ ನಿಲ್ಲಿಸಬೇಡಿ' ಎಂಬ ಫಲಕ. ಫೋಟೋ ತೆಗೆಯೋಣ ಅನ್ನಿಸುವ ಜಾಗದಲ್ಲೇ ಈ ಫಲಕ ಇರುತ್ತದೆ.

ಪಾಸ್‌ನ ಎತ್ತರ 1330 ಮೀಟರ್ ಅಷ್ಟೇ. ಬೆಟ್ಟ ಹತ್ತುವವರ ಲೆಕ್ಕದಲ್ಲಿ ಇದು ಎತ್ತರವೇ ಅಲ್ಲ. ಆದರೆ ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿ ಸೆಲ್ಕರ್ಕ್ ಪರ್ವತಗಳಿಗೆ ಬಡಿದು ಇಲ್ಲಿ ಸುರಿದುಬಿಡುತ್ತದೆ. ಒಂದು ಚಳಿಗಾಲಕ್ಕೆ ಸುಮಾರು ಹತ್ತು ಮೀಟರ್ ಹಿಮ. ಮೇಲಕ್ಕೆ ಹೋದಷ್ಟೂ ಇನ್ನೂ ಜಾಸ್ತಿ. ಎರಡೂ ಬದಿಯ ಬೆಟ್ಟಗಳು ಕಡಿದಾಗಿವೆ, ಕಣಿವೆ ಕಿರಿದು. ನಡುವೆ ಹೆದ್ದಾರಿ. ನೂರಕ್ಕೂ ಹೆಚ್ಚು ಹಿಮಕುಸಿತದ ದಾರಿಗಳು ಈ ಹೆದ್ದಾರಿಯ ಮೇಲೆಯೇ ಬಂದು ಇಳಿಯುತ್ತವೆ.

ನಾವು ಬಂದದ್ದು ಸ್ಕೀ ಟೂರಿಂಗ್‌ಗೆ. ನಾನು, ನನ್ನ ಗೆಳೆಯ, ಅವನ ತಂಗಿ, ಜೊತೆಗೆ ಒಬ್ಬ ಗೈಡ್. ಇಲ್ಲಿ ಲಿಫ್ಟ್ ಇಲ್ಲ. ಸ್ಕೀ ತಳಕ್ಕೆ ಅಂಟಿಸುವ ಸ್ಕಿನ್ ಹಾಕಿಕೊಂಡು ಗಂಟೆಗಟ್ಟಲೆ ಹತ್ತಬೇಕು, ಆಮೇಲೆ ಅದನ್ನು ಬಿಚ್ಚಿ ಇಳಿಯಬೇಕು. ಗಸ್ತಿನವರು ಮೊದಲೇ ಬಂದು ಸುರಕ್ಷಿತ ಮಾಡಿಟ್ಟ ಇಳಿಜಾರು ಅಂತ ಯಾವುದೂ ಇರುವುದಿಲ್ಲ.

ಸಂಜೆ ಡಿಸ್ಕವರಿ ಸೆಂಟರ್‌ಗೆ ಹೋಗಿ ಪರವಾನಗಿ ವಿಚಾರ ಮುಗಿಸಿದೆವು. ಪಾಸ್ ಇರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಚಳಿಗಾಲಕ್ಕೆ ಬೇರೆಯದೇ ನಿಯಮ ಇದೆ. ಹೆದ್ದಾರಿಯ ಮೇಲಿರುವ ಕೆಲವು ಇಳಿಜಾರುಗಳಿಗೆ ಸೈನ್ಯದವರು ಫಿರಂಗಿ ಹಾರಿಸಿ ಹಿಮ ಬೀಳಿಸುತ್ತಾರೆ. ಅಲ್ಲಿ ಯಾರಾದರೂ ಸ್ಕೀ ಮಾಡುತ್ತಿದ್ದರೆ ಕಥೆ ಮುಗಿಯಿತು. ಹಾಗಾಗಿ ಯಾವ ಜಾಗ ಇವತ್ತು ತೆರೆದಿದೆ, ಯಾವುದು ಮುಚ್ಚಿದೆ ಅಂತ ಪ್ರತಿದಿನ ಬೆಳಗ್ಗೆ ಪ್ರಕಟಿಸುತ್ತಾರೆ. ಕೆಲವು ಜಾಗಗಳಿಗೆ ಚಳಿಗಾಲವಿಡೀ ಪ್ರವೇಶವೇ ಇಲ್ಲ.

ಅವತ್ತಿನ ಹಿಮಕುಸಿತ ವರದಿ ಓದಿದೆವು. ಅಪಾಯದ ಮಟ್ಟವನ್ನು 1ರಿಂದ 5ರವರೆಗೆ ಹೇಳುತ್ತಾರೆ: ಕಡಿಮೆ, ಮಧ್ಯಮ, ಗಣನೀಯ, ಹೆಚ್ಚು, ವಿಪರೀತ. ಮರಗಳಿಲ್ಲದ ಎತ್ತರಕ್ಕೆ ಒಂದು ಅಂಕ, ಮರಗಳು ಮುಗಿಯುವ ಅಂಚಿಗೆ ಒಂದು, ಕಾಡಿನೊಳಗೆ ಒಂದು. ಬುಧವಾರ ಮೇಲೆ 3, ಉಳಿದ ಕಡೆ 2. ಗೆಳೆಯನಿಗೆ ಅಷ್ಟೇ ಸಾಕಾಯಿತು. "ನಾಡಿದ್ದು ಆಸಲ್ಕನ್ ಹಟ್‌ಗೆ ಹೋಗಿಬಿಡೋಣ" ಅಂದ. ಹಟ್ ಅಂದರೆ ಬೆಟ್ಟದಲ್ಲಿ ತಂಗಲು ಕಟ್ಟಿದ ಮನೆ. ಗೈಡ್ ಅಂಕ ಬಿಟ್ಟು ಕೆಳಗಿನ ವಿವರಣೆಯ ಎರಡು ಸಾಲನ್ನು ತೋರಿಸಿದರು. ಒಂದು, ಗುರುವಾರ ಮಧ್ಯಾಹ್ನದಿಂದ ದೊಡ್ಡ ಬಿರುಗಾಳಿ. ಇನ್ನೊಂದು, ಜನವರಿ ಕೊನೆಯ ಚಳಿಯಲ್ಲಿ ಹುಟ್ಟಿದ ಒಂದು ದುರ್ಬಲ ಪದರ ಈಗ ಹಿಮದೊಳಗೆ ಹೂತುಕೊಂಡಿದೆ.

"ಅಂಕ ನಾಳೆ ಬದಲಾಗುತ್ತೆ. ಈ ಪದರ ಬದಲಾಗಲ್ಲ" ಅಂದರು.

ಗುರುವಾರ

ಹೆದ್ದಾರಿ ಪಕ್ಕ ಗಾಡಿ ನಿಲ್ಲಿಸಿ, ಸ್ಕೀ ಹಾಕಿಕೊಂಡು ವೀಲರ್ ಹಟ್ ಸೇರಿದೆವು. ಆಲ್ಪೈನ್ ಕ್ಲಬ್ ಆಫ್ ಕೆನಡಾದವರು 1940ರ ದಶಕದಲ್ಲಿ ಕಟ್ಟಿದ ಮರದ ದಿಮ್ಮಿಗಳ ಮನೆ ಇದು. ಸಾಮಾನು ಒಳಗಿಟ್ಟ ತಕ್ಷಣ ಗೈಡ್ ನಮ್ಮನ್ನು ಹೊರಗೆ ಎಳೆದರು. ಹುಡುಕಾಟದ ಅಭ್ಯಾಸ.

ಪ್ರತಿಯೊಬ್ಬರ ಎದೆಯ ಮೇಲೂ ಟ್ರಾನ್ಸೀವರ್ ಇರುತ್ತದೆ. 457 ಕಿಲೋಹರ್ಟ್ಸ್‌ನಲ್ಲಿ ಸದಾ ಸಂಕೇತ ಕಳಿಸುತ್ತಲೇ ಇರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕುವ ಸ್ಥಿತಿಗೆ ಬದಲಾಯಿಸಿ ಆ ಸಂಕೇತದ ಬೆನ್ನು ಹತ್ತಬೇಕು. ಫೋನ್ ಹತ್ತಿರ ಇದ್ದರೆ ಅಂಕಿ ದಿಕ್ಕು ತಪ್ಪುತ್ತದೆ. ನಡೆಯುವಾಗ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಬೇಕು. ಹತ್ತಿರ ಬಂದಮೇಲೆ ಮಡಚುವ ಪ್ರೋಬ್ ಕೋಲನ್ನು ಉದ್ದ ಮಾಡಿ ಚುಚ್ಚುತ್ತಾ ಹೋಗಬೇಕು. ಕೋಲು ದೇಹಕ್ಕೆ ತಾಗಿದರೆ ಗೊತ್ತಾಗುತ್ತದೆ, ನೆಲದ ಹಾಗೆ ಗಟ್ಟಿ ಇರುವುದಿಲ್ಲ. ಆಮೇಲೆ ಸಲಿಕೆ. ನೇರ ಮೇಲಿಂದ ಅಗೆಯಬಾರದು. ಇಳಿಜಾರಿನ ಕೆಳಗಿನಿಂದ ಅಡ್ಡಕ್ಕೆ ಅಗೆದು ಒಳಗೆ ಹೋಗಬೇಕು.

ಈ ಅವಸರ ಯಾಕೆ ಅಂದರೆ, ಹೂತುಹೋದವರಿಗೆ ಸಿಗುವ ಸಮಯ ತೀರಾ ಕಡಿಮೆ. ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಬಹುತೇಕರು ಬದುಕುತ್ತಾರೆ. ಅಲ್ಲಿಂದಾಚೆ ಉಳಿಯುವವರ ಸಂಖ್ಯೆ ಕಡಿದಾಗಿ ಕುಸಿಯುತ್ತದೆ. ಹೆಲಿಕಾಪ್ಟರ್ ಕರೆದು ಕಾಯುವಷ್ಟು ಹೊತ್ತೇ ಇಲ್ಲ. ಜೊತೆಯಲ್ಲಿ ಇರುವವರೇ ತೆಗೆಯಬೇಕು. ಉಸಿರು ಕಟ್ಟುವುದು ಒಂದು ಕಡೆಯಾದರೆ, ಮರಕ್ಕೆ ಬಂಡೆಗೆ ಅಪ್ಪಳಿಸಿ ಸಾಯುವವರೂ ಕೆನಡಾದ ಕಾಡು ಬೆಟ್ಟಗಳಲ್ಲಿ ಕಡಿಮೆಯೇನಿಲ್ಲ. ಅವರಿಗೆ ಯಾವ ಟ್ರಾನ್ಸೀವರೂ ಉಪಯೋಗಕ್ಕೆ ಬರುವುದಿಲ್ಲ.

ಗೆಳೆಯನ ತಂಗಿ ನಮಗಿಂತ ಚುರುಕು. ಗೈಡ್ ಹೂತಿಟ್ಟಿದ್ದ ಚೀಲವನ್ನು ನಾವು ಇನ್ನೂ ಬಾಣದ ಗುರುತು ನೋಡುತ್ತಿರುವಾಗಲೇ ಕೋಲಿನಿಂದ ಚುಚ್ಚಿ ಹಿಡಿದಳು. "ಅಣ್ಣಾ, ನೀನು ಹೂತುಹೋದ್ರೆ ಭಯ ಇಲ್ಲ. ನಾನು ಹೂತುಹೋದ್ರೆ ಕಷ್ಟ" ಅಂದಳು. ಅವನು ಅವತ್ತಿಡೀ ಸಪ್ಪಗಿದ್ದ.

ಬಿರುಗಾಳಿ ಬರುವ ಮುಂಚೆ ಕಾಡಿನ ಅಂಚಿನವರೆಗೆ ಹತ್ತಿ ಒಂದು ಗುಂಡಿ ತೋಡಿದೆವು. ಈಶಾನ್ಯಕ್ಕೆ ಮುಖ ಮಾಡಿದ, ಗಾಳಿ ತಾಗದ, ತೀರಾ ಕಡಿದಲ್ಲದ ಜಾಗ. ನನಗೆ ಈ ಪ್ರವಾಸದಲ್ಲಿ ತುಂಬಾ ಹಿಡಿಸಿದ ಕೆಲಸ ಇದೇ.

ಹಿಮದ ಗೋಡೆಯನ್ನು ಸಲಿಕೆಯಿಂದ ನುಣ್ಣಗೆ ಸವರಿದರೆ ಚಳಿಗಾಲದ ದಿನಚರಿಯೆಲ್ಲ ಅಡ್ಡ ಗೆರೆಗಳಾಗಿ ಕಾಣುತ್ತದೆ. ಗಟ್ಟಿತನ ಅಳೆಯಲು ಯಂತ್ರ ಬೇಡ, ಕೈ ಸಾಕು. ಮುಷ್ಟಿ ಸಲೀಸಾಗಿ ಒಳಗೆ ಹೋದರೆ ತೀರಾ ಮೆತ್ತಗೆ. ಆಮೇಲೆ ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಚಾಕು. ಮೇಲಿನ ಪದರಕ್ಕೆ ಮುಷ್ಟಿ ಹೋಯಿತು. ಅದರ ಕೆಳಗೆ ನಾಲ್ಕು ಬೆರಳು. ಮೇಲಿನಿಂದ ಮೊಣಕಾಲುದ್ದಕ್ಕಿಂತ ಸ್ವಲ್ಪ ಕಡಿಮೆ ಆಳದಲ್ಲಿ ಒಂದು ತೆಳ್ಳನೆಯ ಬೂದು ಗೆರೆ. ಅದರ ಕೆಳಗೆ ಬೆರಳಿಗೂ ಬಗ್ಗದ ಹಳೇ ಹಿಮ.

ಆ ಬೂದು ಗೆರೆಯೇ ವರದಿಯಲ್ಲಿ ಹೇಳಿದ ಪದರ. ಮೋಡವಿಲ್ಲದ, ಗಾಳಿಯಿಲ್ಲದ ಚಳಿ ರಾತ್ರಿಗಳಲ್ಲಿ ಹಿಮದ ಮೇಲ್ಮೈ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಆಗ ಗಾಳಿಯಲ್ಲಿರುವ ತೇವ ಅದರ ಮೇಲೆ ಗರಿಗರಿಯಾದ ಹರಳುಗಳಾಗಿ ಬೆಳೆಯುತ್ತದೆ. ಇಲ್ಲಿನವರು ಇದನ್ನು ಸರ್ಫೇಸ್ ಹೋರ್ ಅನ್ನುತ್ತಾರೆ. ಬಿಸಿಲಿಗೆ ಫಳಫಳ ಹೊಳೆಯುತ್ತದೆ, ನೋಡಲು ಅಷ್ಟು ಚೆಂದ ಬೇರೊಂದಿಲ್ಲ. ಅದರ ಮೇಲೆ ಹೊಸ ಹಿಮ ಬಿದ್ದಾಗ ತೊಂದರೆ ಶುರು. ಇಸ್ಪೀಟ್ ಎಲೆಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ದಪ್ಪ ಪುಸ್ತಕ ಇಟ್ಟಂತೆ. ಮೇಲಿಂದ ಬರುವ ಭಾರವನ್ನು ಆ ಹರಳುಗಳು ಹೊರುತ್ತವೆ, ಅಡ್ಡಕ್ಕೆ ಒಂದು ತಳ್ಳು ಸಿಕ್ಕರೆ ಎಲ್ಲ ಒಟ್ಟಿಗೆ ಮಲಗುತ್ತವೆ.

ಪರೀಕ್ಷೆಗೆ 30 ಸೆಂಟಿಮೀಟರ್ ಚೌಕದ ಒಂದು ಹಿಮದ ಕಂಬ ಬಿಡಿಸಿ, ಮೇಲೆ ಸಲಿಕೆಯಿಟ್ಟು ತಟ್ಟಬೇಕು. ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಮೊಣಕೈ ಏಟು ಶುರುವಾಗುತ್ತಿದ್ದಂತೆ ಕಂಬ ಆ ಬೂದು ಗೆರೆಯಲ್ಲಿ ಥಟ್ಟನೆ ಕುಸಿದು ಮೇಲಿನ ಭಾಗ ಇಡಿಯಾಗಿ ನನ್ನ ಮಡಿಲಿಗೆ ಜಾರಿತು. ಆಮೇಲೆ 90 ಸೆಂಟಿಮೀಟರ್ ಅಗಲದ ಕಂಬ ಮಾಡಿ ಒಂದು ತುದಿಗೆ ಮಾತ್ರ ತಟ್ಟಿದರು. ಬಿರುಕು ಇನ್ನೊಂದು ತುದಿಯವರೆಗೂ ಓಡಿತು. ಮುಖ್ಯ ಅದೇ. ಪದರ ಒಡೆಯುವುದು ಒಂದು ಮಾತು, ಒಡೆದದ್ದು ಹರಡುವುದು ಇನ್ನೊಂದು. ಹರಡಿದರೆ ಮಾತ್ರ ಇಡೀ ಇಳಿಜಾರು ಹಲಗೆಯಂತೆ ಕಿತ್ತು ಬರುತ್ತದೆ.

"ಹಾಗಾದ್ರೆ ಬೇರೆ ಕಡೆ ಗುಂಡಿ ತೋಡೋಣ. ಅಲ್ಲಿ ಚೆನ್ನಾಗಿದ್ರೆ?" ಅಂದ ಗೆಳೆಯ. ಗೈಡ್ ನಕ್ಕರು. ಹಿಮ ಹತ್ತು ಹೆಜ್ಜೆಗೆ ಬದಲಾಗುತ್ತದೆ. ಕೆಟ್ಟ ಫಲಿತಾಂಶ ಬಂದರೆ ನಂಬಬೇಕು. ಒಳ್ಳೆಯ ಫಲಿತಾಂಶ ಬಂದರೆ ಅದು ಆ ಗುಂಡಿಯ ಬಗ್ಗೆ ಮಾತ್ರ ಹೇಳುತ್ತದೆ. ಹೋಗಬೇಡ ಅನ್ನೋಕೆ ಗುಂಡಿ ಸಾಕು, ಹೋಗು ಅನ್ನೋಕೆ ಸಾಲದು. ಅವರ ಮಾತಿನ ಅರ್ಥ ಇಷ್ಟು.

ಇಳಿಯುವಾಗ ಗಾಳಿ ಎದ್ದಿತು. ನೈಋತ್ಯದಿಂದ. ಹಟ್ ಸೇರುವಷ್ಟರಲ್ಲಿ ಹಿಮ ದಪ್ಪಗೆ ಬೀಳತೊಡಗಿತು.

ಶುಕ್ರವಾರ

ಬೆಳಗ್ಗೆ ಬಾಗಿಲು ತೆರೆದರೆ ಮೆಟ್ಟಿಲು ಕಾಣುತ್ತಿರಲಿಲ್ಲ. ಗೈಡ್ ಹಿಂದಿನ ಸಂಜೆ ಹೊರಗೆ ಇಟ್ಟಿದ್ದ ಹಲಗೆಯ ಮೇಲೆ ಅಳತೆಕೋಲು ಊರಿ ನೋಡಿದರು: 38 ಸೆಂಟಿಮೀಟರ್. ಒಂದು ದಿನಕ್ಕೆ 30 ಸೆಂಟಿಮೀಟರ್ ದಾಟಿತು ಅಂದರೆ ಯಾವ ಬೆಟ್ಟದಲ್ಲೇ ಆಗಲಿ ಎಚ್ಚರದ ಗಂಟೆ ಹೊಡೆದಂತೆ. ಇಲ್ಲಿ ಅದು ಒಂದು ರಾತ್ರಿಯಲ್ಲೇ ಆಗಿತ್ತು.

ಎಷ್ಟು ಬಿತ್ತು ಅನ್ನುವುದಕ್ಕಿಂತ ಎಷ್ಟು ಬೇಗ ಬಿತ್ತು ಅನ್ನುವುದು ಮುಖ್ಯ. ಅದೇ ಹಿಮ ನಾಲ್ಕು ದಿನದಲ್ಲಿ ನಿಧಾನವಾಗಿ ಬಿದ್ದಿದ್ದರೆ ಕೆಳಗಿನ ಪದರಕ್ಕೆ ಭಾರ ಹೊಂದಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಇನ್ನು ಗಾಳಿ. ಆಕಾಶದಿಂದ ಬೀಳುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಗಾಳಿ ಒಂದು ಇಳಿಜಾರಿನ ಹಿಮವನ್ನು ಕೆರೆದು ಏಣಿನ ಆಚೆ ಬದಿಗೆ ತುಂಬಬಲ್ಲದು. ಹಾರುವಾಗ ಹರಳುಗಳ ಕೈಕಾಲು ಮುರಿದು ಪುಡಿಯಾಗುತ್ತವೆ. ಆ ಪುಡಿ ಒತ್ತಾಗಿ ಕೂತು ಗಟ್ಟಿ ಹಲಗೆಯಾಗುತ್ತದೆ. ನೈಋತ್ಯದ ಗಾಳಿ ಅಂದರೆ ಹಿಮ ತುಂಬುವುದು ಉತ್ತರಕ್ಕೂ ಪೂರ್ವಕ್ಕೂ ಮುಖ ಮಾಡಿದ ಇಳಿಜಾರುಗಳಲ್ಲಿ. ಹೋರ್ ಚೆನ್ನಾಗಿ ಉಳಿದಿರುವುದೂ ಬಿಸಿಲು ಬೀಳದ ಅದೇ ಬದಿಗಳಲ್ಲಿ.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಕಂಟಕ. ಚಳಿ ಕಡಿಮೆಯಾಯಿತು. ಬೀಳುತ್ತಿದ್ದ ಹಿಮ ಒದ್ದೆಯಾಗಿ ಜಾಕೆಟ್ಟಿಗೆ ಅಂಟತೊಡಗಿತು. ಹಗುರ ಹಿಮದ ಮೇಲೆ ಭಾರದ ಹಿಮ. ಮೇಲೆ ಭಾರ, ಕೆಳಗೆ ಹಗುರ ಅಂದರೆ ತಲೆಕೆಳಗಾದ ಹಾಗೆ. ಗೈಡ್ ಕಿಟಕಿಯಿಂದ ಥರ್ಮಾಮೀಟರ್ ನೋಡಿ ನೋಡಿ ಬರೆದುಕೊಳ್ಳುತ್ತಿದ್ದರು. ಸಂಜೆಯ ವರದಿಯಲ್ಲಿ ಮೇಲೆ 5, ಮರಗಳ ಅಂಚಿನಲ್ಲಿ 4 ಅಂತ ಬಂತು. 5 ಅಪರೂಪ. ಆ ಅಂಕ ಬಂದ ದಿನ ಜನ ಸಾಯುವುದು ಕಡಿಮೆ, ಯಾಕೆಂದರೆ ಯಾರೂ ಹೊರಗೆ ಹೋಗುವುದಿಲ್ಲ. ಸಾವುಗಳ ದೊಡ್ಡ ಪಾಲು 3ನೇ ಮಟ್ಟದ ದಿನಗಳದ್ದು. ಅವತ್ತು ಹೋಗಬಹುದು ಅನ್ನಿಸುತ್ತದೆ, ಅದಕ್ಕೇ.

ಹೆದ್ದಾರಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮೊದಲ ಸದ್ದು. ಕಿಟಕಿ ಗಾಜು ಗದಗದ ಅಲುಗಿತು. 105 ಮಿಲಿಮೀಟರ್ ಹೋವಿಟ್ಜರ್ ಫಿರಂಗಿ. ಹೆದ್ದಾರಿ ತೆರೆದದ್ದು 1962ರಲ್ಲಿ. ಆ ಕಾಲದಿಂದಲೂ ಕೆನಡಾ ಸೈನ್ಯದ ಫಿರಂಗಿ ದಳದವರು ಪ್ರತಿ ಚಳಿಗಾಲ ಬಂದು ಇಲ್ಲಿ ಬಿಡಾರ ಹೂಡುತ್ತಾರೆ. ಎಲ್ಲಿಗೆ, ಯಾವಾಗ ಹೊಡೆಯಬೇಕು ಅಂತ ಉದ್ಯಾನ ನೋಡಿಕೊಳ್ಳುವ ಪಾರ್ಕ್ಸ್ ಕೆನಡಾದ ಮುನ್ಸೂಚಕರು ಹೇಳುತ್ತಾರೆ, ಸೈನಿಕರು ಹೊಡೆಯುತ್ತಾರೆ. ಹಿಮ ತಾನಾಗಿ ಬೀಳುವ ಮುಂಚೆ, ರಸ್ತೆ ಖಾಲಿ ಇರುವಾಗ ನಾವೇ ಬೀಳಿಸೋಣ ಎಂಬ ಲೆಕ್ಕ. ಮೋಡದಲ್ಲಿ ಗುರಿ ಕಾಣದಿದ್ದರೂ ಪರವಾಗಿಲ್ಲ, ಎಲ್ಲ ಗುರಿಗಳ ದಿಕ್ಕು, ಎತ್ತರ ಮೊದಲೇ ಗುರುತು ಮಾಡಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಇಲ್ಲಿ ನಡೆಯುವವರಿಗೆ, ಸಿಡಿಯದ ಶೆಲ್ ಕಂಡರೆ ಮುಟ್ಟಬೇಡಿ ಅಂತ ಎಚ್ಚರಿಕೆ ಕೊಡುತ್ತಾರೆ.

ಒಳಗೆ ಕೂತು ಹಳೇ ಕಥೆಗಳು ಬಂದವು. 1910ರ ಮಾರ್ಚ್ 4ರ ರಾತ್ರಿ ಇದೇ ಪಾಸ್‌ನಲ್ಲಿ ಚಿಯಾಪ್ಸ್ ಬೆಟ್ಟದಿಂದ ಹಿಮ ಕುಸಿದು ರೈಲು ಹಳಿ ಮುಚ್ಚಿತ್ತು. ಅದನ್ನು ತೆಗೆಯಲು ಕೆಲಸಗಾರರು ಇಳಿದಿದ್ದರು. ಅವರು ಅಗೆಯುತ್ತಿರುವಾಗ ಎದುರಿನ ಬೆಟ್ಟದಿಂದ ಇನ್ನೊಂದು ಕುಸಿತ ಬಂತು. 58 ಜನ ಸತ್ತರು. ಅವರಲ್ಲಿ 32 ಮಂದಿ ಜಪಾನಿನಿಂದ ಬಂದ ಕಾರ್ಮಿಕರು. ಅದಕ್ಕೂ ಮೂರು ದಿನ ಮುಂಚೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆಲಿಂಗ್ಟನ್‌ನಲ್ಲಿ ನಿಂತಿದ್ದ ರೈಲುಗಳನ್ನು ಹಿಮ ಕೊಚ್ಚಿಕೊಂಡು ಹೋಗಿ 96 ಜನ ಸತ್ತಿದ್ದರು. ರೋಜರ್ಸ್ ಪಾಸ್‌ನ ರೈಲು ಕಂಪನಿ ಕೊನೆಗೆ ಬೆಟ್ಟದ ಜೊತೆ ಜಗಳ ಬಿಟ್ಟಿತು. ಎಂಟು ಕಿಲೋಮೀಟರ್ ಉದ್ದದ ಕೊನಾಟ್ ಸುರಂಗ ಕೊರೆದು 1916ರಲ್ಲಿ ಪಾಸ್‌ನ ಅಡಿಯಿಂದಲೇ ರೈಲು ಓಡಿಸಿತು.

2003ರ ಫೆಬ್ರುವರಿ 1ರ ಕಥೆಯನ್ನು ಗೈಡ್ ಸ್ವಲ್ಪ ನಿಧಾನವಾಗಿ ಹೇಳಿದರು. ಹೆದ್ದಾರಿಯ ಆಚೆ ಬದಿಯ ಕೊನಾಟ್ ಕಣಿವೆಯಲ್ಲಿ ಒಂದು ಶಾಲೆಯ 14 ಮಕ್ಕಳು, 3 ದೊಡ್ಡವರು ಕಣಿವೆಯ ತಳದಲ್ಲಿ ಹೋಗುತ್ತಿದ್ದರು. ಯಾರೂ ಕಡಿದಾದ ಇಳಿಜಾರು ಹತ್ತಿರಲಿಲ್ಲ. ಚಿಯಾಪ್ಸ್‌ನ ಉತ್ತರ ಮುಖದಿಂದ ತಾನಾಗಿ ಕಿತ್ತುಬಂದ ಹಿಮ ಎಲ್ಲ 17 ಜನರನ್ನೂ ಹಿಡಿಯಿತು. ಏಳು ಮಕ್ಕಳು ಸತ್ತರು. ಮೇಲಿದ್ದ ಇಬ್ಬರು ಸ್ಕೀ ಮಾಡುವವರು ನೋಡಿ ಧಾವಿಸಿ ಬಂದು ಅಗೆಯದೇ ಇದ್ದಿದ್ದರೆ ಲೆಕ್ಕ ಇನ್ನೂ ಜಾಸ್ತಿಯಾಗುತ್ತಿತ್ತು.

ಅದಾದಮೇಲೆ ಪಾರ್ಕ್ಸ್ ಕೆನಡಾ ಜಾಗವನ್ನೇ ಅಳೆಯುವ ಒಂದು ಪದ್ಧತಿ ಮಾಡಿತು. ಹಿಮ ಇವತ್ತು ಹೇಗಿದೆ ಅನ್ನುವುದನ್ನು ಪಕ್ಕಕ್ಕಿಟ್ಟು, ಈ ದಾರಿ ಸರಳವೇ, ಸವಾಲಿನದೇ, ಜಟಿಲವೇ ಅಂತ ಗುರುತಿಸುವುದು. ಮೇಲಿಂದ ಎಷ್ಟು ಕುಸಿತದ ದಾರಿಗಳು ಬರುತ್ತವೆ, ತಪ್ಪಿಸಿಕೊಳ್ಳಲು ಬೇರೆ ದಾರಿ ಇದೆಯೇ, ಕೆಳಗೆ ಹಿಮ ಬಂದು ಗುಡ್ಡೆಯಾಗುವ ಹಳ್ಳ ಇದೆಯೇ ಅಂತ ನೋಡುತ್ತಾರೆ. ನನಗೆ ಇದು ಅಪಾಯದ ಅಂಕಕ್ಕಿಂತ ಉಪಯುಕ್ತ ಅನ್ನಿಸಿತು. ಹಿಮ ದಿನಾ ಬದಲಾಗುತ್ತದೆ, ಅದನ್ನು ಊಹಿಸಬೇಕು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಅದನ್ನು ನಕ್ಷೆಯಲ್ಲೇ ಓದಬಹುದು.

ನಕ್ಷೆ ಬಿಚ್ಚಿ ಆಸಲ್ಕನ್ ದಾರಿ ನೋಡಿದೆವು. ನಡುವೆ ಇಲಿಬೋನು ಅಂತಲೇ ಕರೆಯುವ ಜಾಗ ಬರುತ್ತದೆ. ಎರಡೂ ಬದಿಯ ಕುಸಿತದ ದಾರಿಗಳು ಅಲ್ಲಿಗೇ ಬಂದು ಸೇರುತ್ತವೆ. ಗೆಳೆಯ ಬೆರಳಿಟ್ಟು ನೋಡುತ್ತಾ ಕೂತ. ಮಾತಾಡಲಿಲ್ಲ.

ಶನಿವಾರ

ಇಡೀ ದಿನ ಹಿಮ. ಬಾಗಿಲ ಮುಂದೆ, ಶೌಚಾಲಯದ ದಾರಿಯಲ್ಲಿ ಸರದಿಯ ಮೇಲೆ ಸಲಿಕೆ ಹಿಡಿದೆವು. ಮಧ್ಯಾಹ್ನ ಹಟ್ ಸುತ್ತಲಿನ ದಟ್ಟ ಕಾಡಿನಲ್ಲಿ, ಸಮತಟ್ಟಾದ ಕಡೆ ಒಂದು ಸುತ್ತು ಬಂದೆವು. ಕಾಡು ಅಂದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ. ದೊಡ್ಡ ಮರದ ಕೊಂಬೆಗಳ ಕೆಳಗೆ ಹಿಮ ಗಟ್ಟಿಯಾಗದೆ ಬುಡದ ಸುತ್ತ ಬಾವಿಯಂಥ ಗುಂಡಿ ಉಳಿದುಬಿಡುತ್ತದೆ. ಅದಕ್ಕೆ ತಲೆಕೆಳಗಾಗಿ ಬಿದ್ದವರು ಒಬ್ಬರೇ ಎದ್ದು ಬರುವುದು ತುಂಬಾ ಕಷ್ಟ, ಹಿಮಕುಸಿತ ಇಲ್ಲದೆಯೂ ಉಸಿರು ಕಟ್ಟಿ ಸಾಯುತ್ತಾರೆ. ಒಬ್ಬರನ್ನೊಬ್ಬರು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು.

ಒಂದು ಬಯಲು ದಾಟುವಾಗ ಕಾಲಡಿ ಇಡೀ ಹಿಮ 'ವುಂಫ್' ಅಂತ ಒಂದು ಅಂಗುಲ ಕುಸಿಯಿತು. ಸದ್ದಿಗಿಂತ ಹೊಟ್ಟೆಯಲ್ಲಿ ಆಗುವ ತಳಮಳ ಜಾಸ್ತಿ. ಬೂದು ಗೆರೆ ಒಡೆದದ್ದು ಅದು. ಬಯಲಾದ್ದರಿಂದ ಹಿಮ ಎಲ್ಲಿಗೂ ಜಾರಲಿಲ್ಲ. ಆದರೆ ಇಪ್ಪತ್ತು ಮೀಟರ್ ಆಚೆ, ನಾವು ಮುಟ್ಟದೇ ಇದ್ದ ಒಂದು ಪುಟ್ಟ ದಿಬ್ಬದ ನೆತ್ತಿಯಲ್ಲಿ ಅಡ್ಡಡ್ಡ ಬಿರುಕು ಬಿಟ್ಟಿತ್ತು. ಕೆಳಗಿನ ಬಯಲಲ್ಲಿ ನಿಂತು ಮೇಲಿನ ಇಳಿಜಾರನ್ನು ಬೀಳಿಸಬಹುದು ಅಂತ ಓದಿದ್ದೆ. ನೋಡಿದ್ದು ಅವತ್ತೇ.

ಭಾನುವಾರ

ಮೋಡ ಹರಿಯಿತು. ನೀಲಿ ಆಕಾಶ, ಬಿಸಿಲು, ಒಂದು ಗೆರೆಯೂ ಇಲ್ಲದ ಬಿಳಿ ಬೆಟ್ಟಗಳು. ಹಟ್‌ನಲ್ಲಿದ್ದ ಎಲ್ಲರೂ ಬೆಳಗಿನ ಜಾವಕ್ಕೇ ಎದ್ದು ಬೂಟು ಬಿಗಿಯುತ್ತಿದ್ದರು.

ಗೆಳೆಯ ತಡೆದುಕೊಳ್ಳಲಾರದೆ ಗೊಣಗಿದ. "ಲೇ, ಎರಡು ದಿನ ಸುಮ್ನೆ ಕೂತಿದ್ದು ಇದಕ್ಕೇ ಅಲ್ವಾ? ಇವತ್ತೂ ಕೂರೋದಾದ್ರೆ ಬಂದಿದ್ದಾದ್ರೂ ಯಾಕೆ?"

ಪ್ರಶ್ನೆ ಸರಿಯಾಗೇ ಇತ್ತು. ಬಿರುಗಾಳಿ ನಡೆಯುವಾಗ ಮನೆಯೊಳಗೆ ಇರುವುದು ಸುಲಭ, ಯಾರಿಗೂ ಹೊರಗೆ ಹೋಗಲು ಮನಸ್ಸಿರುವುದಿಲ್ಲ. ಮಾರನೇ ದಿನದ ಬಿಸಿಲಿನಲ್ಲಿ ಇರುವುದು ಕಷ್ಟ. ಹೊಸ ಹಿಮ ತನ್ನೊಳಗೆ ತಾನು ಬೆಸೆದುಕೊಳ್ಳಲು ಒಂದೆರಡು ದಿನ ಬೇಕು. ಕೆಳಗಿನ ಹೋರ್ ಪದರಕ್ಕೆ ವಾರಗಳೇ ಬೇಕು. ಇಷ್ಟು ದಿನ ಮೂವತ್ತು ಚಿಲ್ಲರೆ ಸೆಂಟಿಮೀಟರ್ ಹೊತ್ತಿದ್ದ ಅದು ಈಗ ಒಂದು ಮೀಟರಿನಷ್ಟು ಹಿಮ ಹೊತ್ತು ನಿಂತಿತ್ತು. ಅದರ ಮೇಲೆ ಮನುಷ್ಯನ ಭಾರ ಬಿದ್ದರೆ? ಜನ ಸಿಕ್ಕಿಹಾಕಿಕೊಂಡ ಕುಸಿತಗಳಲ್ಲಿ ಬಹುಪಾಲನ್ನು ಶುರು ಮಾಡಿದ್ದು ಅವರೇ, ಇಲ್ಲವೇ ಅವರ ಜೊತೆಯವರು.

ಗೈಡ್ ದುರ್ಬೀನು ಕೊಟ್ಟರು. ಎದುರಿನ ಬೆಟ್ಟದ ನೆತ್ತಿಯ ಕೆಳಗೆ ಅಡ್ಡಕ್ಕೆ ಚೂಪಾದ ನೆರಳಿನ ಗೆರೆ. ಹಲಗೆ ಕಿತ್ತ ಜಾಗ ಅದು. ಅದರ ಕೆಳಗೆ ಉಜ್ಜಿ ತೊಳೆದಂಥ ನುಣುಪು ಮೈ, ಇನ್ನೂ ಕೆಳಗೆ ಗಡ್ಡೆ ಗಡ್ಡೆ ಹಿಮದ ರಾಶಿ. ಬಲಗಡೆ ಇನ್ನೊಂದು. ಕುಸಿತಗಳೆಲ್ಲ ಆಗಿದ್ದು ಸುಮಾರು 35ರಿಂದ 40 ಡಿಗ್ರಿ ಇಳಿಜಾರಿನಲ್ಲಿ. 30ಕ್ಕಿಂತ ಕಡಿಮೆ ಇದ್ದರೆ ಹಲಗೆ ಜಾರುವುದು ಅಪರೂಪ. 50 ದಾಟಿದರೆ ಹಿಮ ಬಿದ್ದಾಗಲೇ ಉದುರಿಹೋಗುತ್ತದೆ, ದಪ್ಪವಾಗಿ ಕೂಡುವುದಿಲ್ಲ. ನಡುವಿನ ಇಳಿಜಾರೇ ಕುಸಿತಕ್ಕೆ ಇಷ್ಟ. ದುರದೃಷ್ಟ ಅಂದರೆ ಸ್ಕೀ ಮಾಡುವವರಿಗೂ ಅದೇ ಇಷ್ಟ.

ನಾವು ಇಲಿಸಿಲಿವಾಟ್ ಕಣಿವೆಯ ಕಡೆ, 25 ಡಿಗ್ರಿ ದಾಟದ, ಮೇಲೆ ಯಾವ ದೊಡ್ಡ ಇಳಿಜಾರೂ ಇಲ್ಲದ ಕಾಡಿನ ತೆರವುಗಳಲ್ಲಿ ಹತ್ತಿ ಇಳಿದೆವು. ತೆರವು ದಾಟುವಾಗ ಒಬ್ಬೊಬ್ಬರೇ. ಉಳಿದವರು ದಟ್ಟ ಮರಗಳ ನಡುವೆ ನಿಂತು ಕಣ್ಣು ಕೀಳದೆ ನೋಡಬೇಕು. ಇಷ್ಟು ಕಡಿಮೆ ಇಳಿಜಾರಿನಲ್ಲಿ ಸೊಂಟದುದ್ದ ಹಿಮ ಇದ್ದಾಗ ವೇಗ ಸಿಗುವುದಿಲ್ಲ, ಎರಡು ತಿರುವಿಗೊಮ್ಮೆ ನಿಂತೇ ಹೋಗುತ್ತೀರಿ. ನಿಜ ಹೇಳಬೇಕೆಂದರೆ ಅಂಥ ಮಜಾ ಏನೂ ಇರಲಿಲ್ಲ. ಆದರೂ ತಂಗಿ ಖುಷಿಯಾಗಿದ್ದಳು. ಅವಳಿಗೆ ಆಳದ ಹಿಮದಲ್ಲಿ ಅದೇ ಮೊದಲು.

ಸಂಜೆ ಹಟ್‌ಗೆ ಮರಳಿದಾಗ ಬೆಳಗ್ಗೆ ನಮಗಿಂತ ಮುಂಚೆ ಹೋಗಿದ್ದ ಒಂದು ಗುಂಪು ಬಂತು. ಅವರು ಇಲಿಬೋನು ದಾಟಿ, ಅದರ ಮೇಲಿನ ತ್ರಿಕೋನ ಕಾಡಿನ ಪಕ್ಕದ ಕಡಿದಾದ ಇಳಿಜಾರು ಇಳಿದು ಬಂದಿದ್ದರು. ಮುಖದಲ್ಲಿ ನಗು. ಜೀವಮಾನದಲ್ಲಿ ಇಂಥ ಹಿಮ ಸಿಕ್ಕಿರಲಿಲ್ಲ ಅಂದರು. ಏನೂ ಅಲುಗಲಿಲ್ಲವಂತೆ, ಏನೂ ಕೇಳಿಸಲಿಲ್ಲವಂತೆ.

ಗೆಳೆಯ ನನ್ನ ಮುಖ ನೋಡಿದ. ನಾನು ಗೈಡ್ ಮುಖ ನೋಡಿದೆ. ಅವರು ಸ್ಟೋವ್ ಹಚ್ಚುವುದರಲ್ಲಿ ಮಗ್ನ.

ರಾತ್ರಿ ಈ ಮಾತು ಎತ್ತಿದವಳು ತಂಗಿ. "ಅವರಿಗೆ ಏನೂ ಆಗ್ಲಿಲ್ಲ ಅಂದ್ರೆ ಅವರು ಮಾಡಿದ್ದು ಸರಿ ಅಂತ ಆಯ್ತಾ?" ಗೈಡ್ ಹೇಳಿದ್ದು ಹೀಗೆ: ಹತ್ತನೇ ಸಲ ಒಬ್ಬರು ಹಾದಾಗ ಬೀಳುವ ಇಳಿಜಾರು ಮೊದಲ ಒಂಬತ್ತು ಜನರಿಗೆ ಶಹಬ್ಬಾಸ್ ಅನ್ನುತ್ತದೆ. ಹಲಗೆ ದಪ್ಪವಾಗಿರುವ ಕಡೆ ನಿಮ್ಮ ಭಾರ ಕೆಳಗಿನ ಪದರಕ್ಕೆ ಮುಟ್ಟುವುದೇ ಇಲ್ಲ. ಎಲ್ಲೋ ಒಂದು ಕಡೆ, ಬಂಡೆಯ ಮೇಲೋ ಏಣಿನ ಹತ್ತಿರವೋ, ಹಿಮ ತೆಳ್ಳಗಿರುತ್ತದೆ. ಅಲ್ಲಿ ಕಾಲಿಟ್ಟರೆ ಮುಟ್ಟುತ್ತದೆ, ಒಡೆದದ್ದು ಇಡೀ ಇಳಿಜಾರಿಗೆ ಹರಡುತ್ತದೆ. ಆ ಜಾಗ ಎಲ್ಲಿದೆ ಅಂತ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಇವತ್ತು ಇವರ ಹಾದಿ ಅದನ್ನು ತಪ್ಪಿಸಿತೋ, ಅಥವಾ ಆ ಇಳಿಜಾರಿನಲ್ಲಿ ಹೋರ್ ಇರಲೇ ಇಲ್ಲವೋ, ಯಾರಿಗೂ ತಿಳಿಯುವುದಿಲ್ಲ. ಅವರಿಗಂತೂ ಈಗ ತಮಗೆ ಹಿಮ ಓದಲು ಬರುತ್ತದೆ ಅನ್ನಿಸಿರುತ್ತದೆ.

ನಾನು ಮಲಗಿದಮೇಲೂ ಇದನ್ನೇ ಯೋಚಿಸಿದೆ. ಬೇರೆ ಕೆಲಸಗಳಲ್ಲಿ ತಪ್ಪು ಮಾಡಿದರೆ ಸಾಮಾನ್ಯವಾಗಿ ಕೈ ಸುಡುತ್ತದೆ, ಕಲಿಯುತ್ತೇವೆ. ಇಲ್ಲಿ ತಪ್ಪು ಮಾಡಿದರೂ ಹೆಚ್ಚಿನ ಸಲ ಸುಂದರವಾದ ದಿನವೇ ಸಿಗುತ್ತದೆ. ಹಾಗಾಗಿ ವರ್ಷಗಟ್ಟಲೆ ಅನುಭವ ಇರುವವರೂ ಸಿಕ್ಕಿಬೀಳುತ್ತಾರೆ. ಅವರ ಅನುಭವದಲ್ಲಿ ಎಷ್ಟು ಪಾಲು ತಿಳಿವಳಿಕೆ, ಎಷ್ಟು ಪಾಲು ಅದೃಷ್ಟ ಅಂತ ಬೇರ್ಪಡಿಸುವುದು ಅವರಿಗೂ ಆಗದ ಕೆಲಸ.

ಸೋಮವಾರ

ಹೊರಡುವ ಮುಂಚೆ ಗೈಡ್ ಹಟ್ ಹತ್ತಿರವೇ, ನೆರಳಿನ ಬದಿಯ ಒಂದು ಪುಟ್ಟ ದಿಬ್ಬದಲ್ಲಿ ಮತ್ತೊಂದು ಗುಂಡಿ ತೋಡಿಸಿದರು. ಬಿರುಗಾಳಿಯ ಹಿಮ ಆಗಲೇ ಕುಗ್ಗಿ ಒತ್ತಾಗಿತ್ತು. ಅದರೊಳಗಿನ ಪದರಗಳು ಚೆನ್ನಾಗಿ ಬೆಸೆದುಕೊಂಡಿದ್ದವು, ಎಷ್ಟು ತಟ್ಟಿದರೂ ಅಲ್ಲಿ ಸೀಳಲಿಲ್ಲ. ಬೂದು ಗೆರೆ ಮಾತ್ರ ಹಾಗೇ ಇತ್ತು, ಈಗ ಇನ್ನೂ ಆಳದಲ್ಲಿ. ಅದನ್ನು ಒಡೆಯಲು ಭುಜದಿಂದ ಹೊಡೆಯಬೇಕಾಯಿತು. ಒಡೆದಾಗ ಮಾತ್ರ ಮೊದಲಿನ ಹಾಗೇ ಥಟ್ಟನೆ, ತುದಿಯಿಂದ ತುದಿಗೆ.

ಬೆಳಗಿನ ವರದಿಯಲ್ಲಿ ಅಂಕ 3ಕ್ಕೆ ಇಳಿದಿತ್ತು. ನಾವು ಬಂದ ದಿನ ಮೇಲೆ ಇದ್ದದ್ದೂ 3. ಆಗ ಒಡೆಯುವುದು ಸುಲಭ, ಬೀಳುವುದು ಚಿಕ್ಕದು. ಈಗ ಒಡೆಯುವುದು ಕಷ್ಟ, ಬಿದ್ದರೆ ಒಂದು ಮೀಟರ್ ದಪ್ಪದ ಹಲಗೆ. ಅಂಕ ಒಂದೇ, ಒಳಗಿನ ಸಮಸ್ಯೆ ಬೇರೆ. ವರದಿ ಓದುವವರು ಅಂಕಕ್ಕೆ ನಿಲ್ಲಿಸದೆ ಕೆಳಗಿನ ವಿವರ ಓದಿ ಅಂತ ಇಲ್ಲಿ ಪ್ರತಿಯೊಬ್ಬರೂ ಹೇಳುವುದು ಇದಕ್ಕೇ.

ಹೆದ್ದಾರಿ ತೆರೆದಿತ್ತು. ಎರಡೂ ಬದಿ ಹಿಮದ ಗೋಡೆ ಲಾರಿಗಳಷ್ಟು ಎತ್ತರ. ಒಂದು ಚಪ್ಪರದ ಆಚೆ ರಾಶಿ ಬಿದ್ದ ಹಿಮದಲ್ಲಿ ಮುರಿದ ಮರಗಳು ಚಾಚಿಕೊಂಡಿದ್ದವು. ಗೆಳೆಯ ಡ್ರೈವ್ ಮಾಡುತ್ತಾ ಕೇಳಿದ, ಮಾರ್ಚ್‌ನಲ್ಲಿ ಬಂದರೆ ಆಸಲ್ಕನ್‌ಗೆ ಹೋಗಬಹುದಾ ಅಂತ. ಬೀಳ್ಕೊಡುವಾಗ ಗೈಡ್‌ಗೂ ಇದನ್ನೇ ಕೇಳಿದ್ದ. ಇನ್ನೊಂದಿಷ್ಟು ಹಿಮ ಬಿದ್ದು ಆ ಪದರ ಮನುಷ್ಯನ ಭಾರ ತಲುಪದಷ್ಟು ಆಳಕ್ಕೆ ಹೋಗಬಹುದು, ಆಗ ಪರವಾಗಿಲ್ಲ. ಇಲ್ಲವೇ ವಸಂತದ ಮೊದಲ ಬಿಸಿಗೆ ಒಮ್ಮೆಲೇ ಎದ್ದು ಬರಬಹುದು. ನಾಲ್ಕೈದು ವಾರ ವರದಿ ಓದುತ್ತಾ ಇರಿ, ಬರುವ ಮುಂಚೆ ಫೋನ್ ಮಾಡಿ ಅಂದಿದ್ದರು.

"ಆ ಗುಂಪಿನವರು ಹೋಗಿಬಂದ್ರಲ್ಲ" ಅಂದ ಮತ್ತೆ.

"ಅಣ್ಣಾ, ಶುರು ಮಾಡ್ಬೇಡ" ಅಂದಳು ತಂಗಿ.

ಗೋಲ್ಡನ್ ಬರುವವರೆಗೂ ಇದೇ ವಾದ ನಡೆಯಿತು. ಅವನು ಒಪ್ಪಲಿಲ್ಲ. ನಾನು ಮಾರ್ಚ್‌ನ ಕೊನೆಯ ವಾರಕ್ಕೆ ರಜೆ ಕೇಳಿದ್ದೇನೆ, ಹಟ್ ಇನ್ನೂ ಕಾಯ್ದಿರಿಸಿಲ್ಲ.